ಬೆಂಜ್ ಎಂಬ ಹೆಸರು: ಕಾರಿನದೋ, ಲಾರಿಯದೋ?

‘ಬೆಂಜ್’ ಎಂದಕೂಡಲೇ ಇಂದಿನವರ ಕಣ್ಣ ಮುಂದೆ ನಿಲ್ಲುವುದು ಸದ್ದಿಲ್ಲದೆ ಸಾಗುವ, ಮೈ ಹೊಳೆಯುವ ಕಾರು. ‘ಅವನಿಗೇನು, ಬೆಂಜ್ ಕಾರಿನಲ್ಲಿ ಓಡಾಡುತ್ತಾನೆ’ ಎಂದರೆ ಸಾಕು, ಆ ಮನುಷ್ಯನ ಸಿರಿವಂತಿಕೆಯ ಬಗ್ಗೆ ಬೇರೆ ವಿವರಣೆ ಬೇಕಾಗುವುದಿಲ್ಲ. ಆದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂಥ ಊರುಗಳ ಹಳೆಯ ಲಾರಿ ಚಾಲಕರಿಗೆ ಈ ಹೆಸರು ಮೊದಲು ನೆನಪಿಸುವುದು ಕಾರನ್ನಲ್ಲ. ಮೂತಿ ಮುಂದಕ್ಕೆ ಚಾಚಿದ, ಹಿಂದೆ ಮರದ ಬಾಡಿ ಹೊತ್ತ ಲಾರಿಯನ್ನು. ಮೂರು ಮೊನೆಯ ಆ ನಕ್ಷತ್ರ ನಮ್ಮ ತಾಲ್ಲೂಕು ಕೇಂದ್ರಗಳಿಗೆ ಬಂದದ್ದು ಅಡಿಕೆ, ಭತ್ತ, ಶೇಂಗಾದ ಮೂಟೆಗಳ ಜೊತೆಗೆ.

ಇದಕ್ಕೆ ಕಾರಣ ಭೂಗೋಳದಲ್ಲಿದೆ. ಇಂದು ದಾವಣಗೆರೆ ಜಿಲ್ಲೆಗೆ ಸೇರಿರುವ ಈ ನಾಲ್ಕು ಊರುಗಳಲ್ಲಿ ಒಂದಕ್ಕೂ ರೈಲು ನಿಲ್ದಾಣವಿಲ್ಲ. ಬೀರೂರಿನಿಂದ ದಾವಣಗೆರೆ, ಹರಿಹರದತ್ತ ಹೋಗುವ ಹಳಿ ಒಂದು ಕಡೆ. ಬೀರೂರಿನಿಂದಲೇ ಶಿವಮೊಗ್ಗಕ್ಕೆ ತಿರುಗುವ ಹಳಿ ಇನ್ನೊಂದು ಕಡೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಇವೆರಡರ ನಡುವೆ ಸಿಕ್ಕಿಕೊಂಡವು. ಜಗಳೂರು ಅತ್ತ ಬಯಲುಸೀಮೆಯಲ್ಲಿ ಉಳಿಯಿತು. ಭದ್ರಾ ನಾಲೆಯ ನೀರು ಹರಿದ ಮೇಲೆ ಭತ್ತ ಹೆಚ್ಚಿತು, ತೋಟಗಳು ಹಬ್ಬಿದವು, ಆಮೇಲೆ ಮೆಕ್ಕೆಜೋಳ ಬಂತು. ಬೆಳೆದದ್ದನ್ನು ಪೇಟೆಗೆ ಮುಟ್ಟಿಸಲು ಇದ್ದುದು ರಸ್ತೆಯೊಂದೇ. ಶಿವಮೊಗ್ಗ–ಹರಿಹರ ರಸ್ತೆಯ ಮೇಲಿನ ಹೊನ್ನಾಳಿ, ಶಿವಮೊಗ್ಗ–ಚಿತ್ರದುರ್ಗ ರಸ್ತೆಯ ಮೇಲಿನ ಚನ್ನಗಿರಿ ಲಾರಿ, ಬಸ್ಸುಗಳನ್ನು ನಂಬಿಯೇ ಬೆಳೆದ ಊರುಗಳು. ಇಂಥ ಕಡೆ ವಾಹನ ತಯಾರಕನೊಬ್ಬನ ಹೆಸರು ಪ್ರತಿಷ್ಠೆಯ ವಿಷಯವಾಗಿರಲಿಲ್ಲ. ಅದು ಹೊಟ್ಟೆಪಾಡಿನ ವಿಷಯವಾಗಿತ್ತು.

ಹಾಗಾದರೆ ಜರ್ಮನಿಯ ಈ ಕಂಪನಿಯ ಹೆಸರು ಹುಟ್ಟಿದ್ದು ಹೇಗೆ? ಅದು ನಮ್ಮ ರಸ್ತೆಗೆ ಇಳಿದದ್ದು ಹೇಗೆ? ಆ ಹೆಸರಿಗೆ ಇದ್ದ ಬೆಲೆ ಎಷ್ಟು, ಅಂಟಿದ ಕಲೆ ಎಷ್ಟು?

ಇಬ್ಬರು ತಂತ್ರಜ್ಞರು, ಒಂದು ಹೆಸರು

ಮರ್ಸಿಡಿಸ್–ಬೆಂಜ್ ಎಂಬ ಜೋಡಿ ಹೆಸರಿನ ಹಿಂದೆ ಎರಡು ಪ್ರತ್ಯೇಕ ಕಂಪನಿಗಳಿವೆ. ಮನ್‌ಹೈಮ್ ನಗರದ ಕಾರ್ಲ್ ಬೆಂಜ್ ತನ್ನ ಮೂರು ಚಕ್ರದ ಮೋಟಾರು ಗಾಡಿಗೆ 1886ರ ಜನವರಿ 29ರಂದು ಪೇಟೆಂಟ್ ಅರ್ಜಿ ಸಲ್ಲಿಸಿದ. ಅದೇ ವರ್ಷ, ಅಲ್ಲಿಂದ ಸುಮಾರು ನೂರು ಕಿಲೋಮೀಟರ್ ದೂರದಲ್ಲಿ, ಸ್ಟಟ್‌ಗಾರ್ಟ್ ಪಕ್ಕದ ಕಾನ್‌ಸ್ಟಾಟ್‌ನಲ್ಲಿ ಗಾಟ್ಲೀಬ್ ಡೈಮ್ಲರ್ ತನ್ನ ಸಹವರ್ತಿ ವಿಲ್‌ಹೆಲ್ಮ್ ಮೈಬಾಖ್ ಜೊತೆಗೂಡಿ ನಾಲ್ಕು ಚಕ್ರದ ಕುದುರೆ ಗಾಡಿಯೊಂದಕ್ಕೆ ಎಂಜಿನ್ ಕೂರಿಸಿದ. ಇಬ್ಬರೂ ಜೊತೆಯಾಗಿ ಕೆಲಸ ಮಾಡಿದವರಲ್ಲ.

ಗಾಡಿಯೇನೋ ಸಿದ್ಧವಾಯಿತು, ನಂಬುವವರು ಬೇಕಲ್ಲ? ಆ ಕೆಲಸ ಮಾಡಿದವಳು ಕಾರ್ಲ್ ಬೆಂಜ್‌ನ ಹೆಂಡತಿ ಬೆರ್ತಾ. 1888ರ ಆಗಸ್ಟ್‌ನಲ್ಲಿ ಆಕೆ ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಮನ್‌ಹೈಮ್‌ನಿಂದ ತವರೂರು ಪ್ಫೋರ್ಟ್ಸ್‌ಹೈಮ್‌ಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರ ಆ ಗಾಡಿಯಲ್ಲೇ ಹೋದಳು. ದಾರಿಯಲ್ಲಿ ಇಂಧನ ಮುಗಿದಾಗ ಔಷಧಿ ಅಂಗಡಿಯಲ್ಲಿ ಕೊಂಡಳು. ಇಂಧನದ ಕೊಳವೆ ಕಟ್ಟಿದಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು. ಬ್ರೇಕು ಸವೆದಾಗ ಚಮ್ಮಾರನೊಬ್ಬನಿಂದ ಚರ್ಮ ಹೊಡೆಸಿದಳು. ಜಗತ್ತಿನ ಮೊದಲ ದೂರದ ಮೋಟಾರು ಪ್ರಯಾಣ ಎನಿಸಿದ ಈ ಯಾತ್ರೆಯಲ್ಲಿ ಗಾಡಿ ಕೆಟ್ಟಿತು, ದಾರಿಯಲ್ಲೇ ರಿಪೇರಿಯಾಯಿತು, ಮತ್ತೆ ಓಡಿತು. ಕಂಪನಿಯ ಹೆಸರು ಬೆಳೆಯಲು ಮೂಲಕಾರಣ ಇದೇ. ನಮ್ಮ ಕಡೆ ಲಾರಿಯ ಹೆಸರು ಬೆಳೆದದ್ದೂ ಹೀಗೆಯೇ ಎಂಬುದನ್ನು ಮುಂದೆ ನೋಡೋಣ.

‘ಮರ್ಸಿಡಿಸ್’ ಎಂಬುದು ಒಬ್ಬ ಹುಡುಗಿಯ ಹೆಸರು. ಡೈಮ್ಲರ್ ಕಾರುಗಳನ್ನು ಮಾರುತ್ತಿದ್ದ ವ್ಯಾಪಾರಿ ಎಮಿಲ್ ಯೆಲಿನೆಕ್ 1900ರಲ್ಲಿ ಹೊಸ ಬಗೆಯ, ಹೆಚ್ಚು ಶಕ್ತಿಯ ಕಾರಿಗೆ ಬೇಡಿಕೆಯಿಟ್ಟು, ಅದಕ್ಕೆ ತನ್ನ ಮಗಳ ಹೆಸರಿಡಬೇಕೆಂದು ಷರತ್ತು ಹಾಕಿದ. ಮೈಬಾಖ್ ರೂಪಿಸಿದ ಆ ಕಾರು 1901ರಲ್ಲಿ ಫ್ರಾನ್ಸಿನ ನೀಸ್ ನಗರದ ಪಂದ್ಯಗಳಲ್ಲಿ ಗೆದ್ದು ಹೆಸರು ಮಾಡಿತು. ಡೈಮ್ಲರ್ ಆ ವೇಳೆಗೆ ತೀರಿಕೊಂಡಿದ್ದ. ನೆಲ, ನೀರು, ಆಕಾಶ ಮೂರರಲ್ಲೂ ತಮ್ಮ ಎಂಜಿನ್ ಓಡಬೇಕೆಂಬ ಆಶಯದ ಮೂರು ಮೊನೆಯ ನಕ್ಷತ್ರ 1909ರಲ್ಲಿ ನೋಂದಣಿಯಾಯಿತು. ಮೊದಲ ಮಹಾಯುದ್ಧದ ನಂತರದ ಹಣದುಬ್ಬರದಲ್ಲಿ ಎರಡೂ ಕಂಪನಿಗಳು ಬಸವಳಿದು, 1926ರಲ್ಲಿ ಒಂದಾಗಿ ಡೈಮ್ಲರ್–ಬೆಂಜ್ ಆದವು.

ಕಿಡಿಯಿಲ್ಲದ ಬೆಂಕಿ

ಕಾರಿನ ಕಥೆ ಎಲ್ಲರಿಗೂ ಗೊತ್ತು. ಜಗತ್ತಿನ ಮೊದಲ ಮೋಟಾರು ಲಾರಿಯನ್ನು 1896ರಲ್ಲಿ ಮಾಡಿದವನೂ ಡೈಮ್ಲರನೇ, ಅದಕ್ಕೂ ಒಂದು ವರ್ಷ ಮೊದಲು ಮೋಟಾರು ಬಸ್ಸನ್ನು ರಸ್ತೆಗಿಳಿಸಿದವನು ಬೆಂಜ್ ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಲಾರಿಗೆ ಡೀಸೆಲ್ ಎಂಜಿನ್ ಅಳವಡಿಸುವ ಕೆಲಸ.

ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನ ಹೊತ್ತಿಕೊಳ್ಳಲು ಪ್ಲಗ್ಗಿನ ಕಿಡಿ ಬೇಕು. ರುಡಾಲ್ಫ್ ಡೀಸೆಲ್ ಕಂಡುಹಿಡಿದ ಎಂಜಿನ್ನಿನಲ್ಲಿ ಕಿಡಿಯೇ ಇಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಹದಿನೈದು–ಇಪ್ಪತ್ತರಲ್ಲಿ ಒಂದು ಪಾಲಿಗೆ ಅದುಮಿದರೆ ಅದು ಕೆಂಡದಂತೆ ಕಾಯುತ್ತದೆ. ಸೈಕಲ್ ಟ್ಯೂಬಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವುದನ್ನು ಯಾರು ಬೇಕಾದರೂ ಮುಟ್ಟಿ ನೋಡಬಹುದು. ಹಾಗೆ ಕಾದ ಗಾಳಿಗೆ ಎಣ್ಣೆಯನ್ನು ಮಂಜಿನಂತೆ ಸಿಂಪಡಿಸಿದರೆ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಇಷ್ಟೊಂದು ಅದುಮುವುದರಿಂದ ಒಂದು ಲೀಟರ್ ಎಣ್ಣೆಯಿಂದ ಹೆಚ್ಚು ಕೆಲಸ ಪಡೆಯಬಹುದು. ಚಕ್ರ ನಿಧಾನ ತಿರುಗುವಾಗಲೂ ಎಳೆಯುವ ಬಲ ಚೆನ್ನಾಗಿರುತ್ತದೆ. ಭಾರ ಹೊತ್ತು ಏರು ಹತ್ತುವ ಲಾರಿಗೆ ಬೇಕಾದದ್ದು ಇದೇ.

1897ರಲ್ಲಿ ಯಶಸ್ವಿಯಾದ ಡೀಸೆಲನ ಎಂಜಿನ್ ಕಾರ್ಖಾನೆಯ ನೆಲದಲ್ಲಿ ಕೂರಬೇಕಾದಷ್ಟು ದೈತ್ಯವಾಗಿತ್ತು. ಅದನ್ನು ವಾಹನಕ್ಕೆ ತಕ್ಕಂತೆ ಕುಗ್ಗಿಸಲು ಕಾಲು ಶತಮಾನವೇ ಹಿಡಿಯಿತು. 1923ರಲ್ಲಿ ಬೆಂಜ್ ಕಂಪನಿ ಡೀಸೆಲ್ ಲಾರಿಯನ್ನು ಪರೀಕ್ಷೆಗೆ ಓಡಿಸಿತು. ಎಣ್ಣೆಯನ್ನು ಅಳತೆ ತಪ್ಪದೆ, ಹೊತ್ತು ತಪ್ಪದೆ ಸಿಂಪಡಿಸುವ ಪಂಪನ್ನು ಸ್ಟಟ್‌ಗಾರ್ಟ್‌ನ ರಾಬರ್ಟ್ ಬಾಷ್ ಕಂಪನಿ 1927ರಿಂದ ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿತು. ಎಂಜಿನ್ ಒಬ್ಬರದು, ಪಂಪು ಇನ್ನೊಬ್ಬರದು. ಈ ಜೋಡಿಯೇ ಮುಂದೆ ನಮ್ಮ ನೆಲಕ್ಕೂ ಬಂತು.

ಜಮ್‌ಷೆಡ್‌ಪುರದ ದಾರಿಯಾಗಿ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಮೈಸೂರು ಸೀಮೆಯಲ್ಲಿ ಪೆಟ್ರೋಲ್ ಸಿಗದೆ ಇದ್ದಿಲಿನ ಗ್ಯಾಸಿನಿಂದ ಬಸ್ಸು ಓಡಿಸಿದ್ದನ್ನು ಹಿರಿಯರು ಹೇಳುತ್ತಿದ್ದರು. ಆಗಿನ ಲಾರಿ, ಬಸ್ಸುಗಳು ಷೆವ್ರೊಲೆ, ಫೋರ್ಡ್, ಬೆಡ್‌ಫರ್ಡ್ ಮುಂತಾದ ವಿದೇಶಿ ತಯಾರಿಕೆಗಳು. ಬಿಡಿಭಾಗ ಸಮುದ್ರ ದಾಟಿ ಬರಬೇಕು. ಸ್ವಾತಂತ್ರ್ಯ ಬಂದ ಮೇಲೆ ದೇಶದಲ್ಲೇ ಲಾರಿ ತಯಾರಾಗಬೇಕೆಂಬ ನೀತಿ ಬಂತು.

1945ರಲ್ಲಿ ಉಗಿಬಂಡಿ ಎಂಜಿನ್ ತಯಾರಿಸಲು ಹುಟ್ಟಿದ ಟಾಟಾ ಸಮೂಹದ ‘ಟೆಲ್ಕೊ’ 1954ರಲ್ಲಿ ಡೈಮ್ಲರ್–ಬೆಂಜ್ ಜೊತೆ ಹದಿನೈದು ವರ್ಷಗಳ ಒಪ್ಪಂದ ಮಾಡಿಕೊಂಡಿತು. ಅದೇ ವರ್ಷ ಜಮ್‌ಷೆಡ್‌ಪುರದಿಂದ ‘ಟಾಟಾ ಮರ್ಸಿಡಿಸ್–ಬೆಂಜ್’ ಲಾರಿ ಹೊರಬಂತು. ಟೆಲ್ಕೊದ ಚುಕ್ಕಾಣಿ ಹಿಡಿದಿದ್ದವರು ಸುಮಂತ್ ಮೂಲಗಾಂವ್ಕರ್. ಬಹುಕಾಲದ ನಂತರ ಬಂದ ‘ಸುಮೊ’ ವಾಹನದ ಹೆಸರು ಅವರ ಹೆಸರು, ಅಡ್ಡಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ ಮಾಡಿದ್ದು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಒಪ್ಪಂದ ಬರೀ ಜೋಡಣೆಗೆ ಸೀಮಿತವಾಗಿರಲಿಲ್ಲ. ವರ್ಷ ವರ್ಷವೂ ಹೆಚ್ಚು ಹೆಚ್ಚು ಭಾಗಗಳು ಇಲ್ಲಿಯೇ ತಯಾರಾಗತೊಡಗಿದವು. 1969ರಲ್ಲಿ ಒಪ್ಪಂದದ ಅವಧಿ ಮುಗಿದಾಗ ಲಾರಿಯ ಮೂತಿಯಿಂದ ಜರ್ಮನ್ ನಕ್ಷತ್ರ ಇಳಿಯಿತು, ಟಾಟಾದ ‘ಟಿ’ ಅಕ್ಷರ ಏರಿತು. ಆದರೆ ಲಾರಿ ನಿಲ್ಲಲಿಲ್ಲ. ಅದೇ ವಂಶದ ಎಂಜಿನ್, ಅದೇ ಬಗೆಯ ಚಾಸಿ ಇನ್ನೂ ದಶಕಗಳ ಕಾಲ ಓಡಿದವು. ಹೆಸರಿಡುವ ಪದ್ಧತಿಯೂ ಉಳಿಯಿತು. ‘1210’ ಎಂದರೆ ಲಾರಿಯ ಒಟ್ಟು ತೂಕ ಸುಮಾರು 12 ಟನ್, ಎಂಜಿನ್ನಿನ ಶಕ್ತಿ ಸುಮಾರು 100 ಅಶ್ವಶಕ್ತಿ. ಇದು ಜರ್ಮನರ ಲೆಕ್ಕಾಚಾರ. ಜನರ ಬಾಯಲ್ಲಿ ಮಾತ್ರ ಅದು ಬಹುಕಾಲ ‘ಬೆಂಜ್’ ಆಗಿಯೇ ಇತ್ತು.

ನಿಂತರೆ ಬಡ್ಡಿ ನಿಲ್ಲದು

ಅರವತ್ತು, ಎಪ್ಪತ್ತರ ದಶಕದಲ್ಲಿ ಲಾರಿ ಕೊಳ್ಳುವುದೆಂದರೆ ಏನೆಂಬುದನ್ನು ಊಹಿಸಿಕೊಳ್ಳಿ. ಹೊಲವನ್ನೋ ಮನೆಯನ್ನೋ ಒತ್ತೆಯಿಟ್ಟು ಸಾಲ ಎತ್ತಬೇಕು. ಕಾರ್ಖಾನೆಯಿಂದ ಬರುವುದು ಚಾಸಿ ಮಾತ್ರ. ಬಾಡಿ ಕಟ್ಟಿಸಲು ಬೇರೆ ದುಡ್ಡು. ಆಮೇಲೆ ಟೈರು, ಪರ್ಮಿಟ್ಟು, ತೆರಿಗೆ, ಚಾಲಕನ ಬಾಟಾ. ಲಾರಿ ಓಡಿದ ದಿನ ಬಾಡಿಗೆ ಬರುತ್ತದೆ. ಕೆಟ್ಟು ನಿಂತ ದಿನ ಬಾಡಿಗೆ ನಿಲ್ಲುತ್ತದೆ, ಬಡ್ಡಿ ನಿಲ್ಲುವುದಿಲ್ಲ. ಜಗಳೂರಿನ ಈರುಳ್ಳಿ ಮೂಟೆ ಹೊತ್ತ ಲಾರಿ ಮಳೆಯಲ್ಲಿ ಎರಡು ದಿನ ನಿಂತರೆ ಮಾಲೇ ಕೊಳೆಯುತ್ತದೆ. ನಷ್ಟ ರೈತನದೂ ಹೌದು, ಲಾರಿಯವನದೂ ಹೌದು.

ಇಂಥ ಲೆಕ್ಕದಲ್ಲಿ ‘ಒಳ್ಳೆಯ ಲಾರಿ’ ಎಂದರೆ ಕೆಡದ ಲಾರಿ ಎಂದಷ್ಟೇ ಅರ್ಥವಲ್ಲ. ಮಿತಿ ಮೀರಿದ ಭಾರ, ಹೊಂಡ ಬಿದ್ದ ರಸ್ತೆ, ಕಲಬೆರಕೆ ಎಣ್ಣೆ ಇವುಗಳ ನಡುವೆ ಕೆಡದ ಯಂತ್ರ ಎಲ್ಲಿಯೂ ಇಲ್ಲ. ಕೆಟ್ಟರೆ ಹತ್ತಿರದ ಗ್ಯಾರೇಜಿನಲ್ಲಿ ಬಿಚ್ಚಿ ಕೂಡಿಸಲು ಬರುವಂಥದ್ದು, ಬಿಡಿಭಾಗ ಪಕ್ಕದ ಪೇಟೆಯಲ್ಲೇ ಸಿಗುವಂಥದ್ದು ಒಳ್ಳೆಯ ಲಾರಿ. ಟಾಟಾ ಬೆಂಜ್ ಗೆದ್ದದ್ದು ಇಲ್ಲಿ. ದಾವಣಗೆರೆಯ, ಶಿವಮೊಗ್ಗದ ಗ್ಯಾರೇಜುಗಳಲ್ಲಿ ಸ್ಪ್ಯಾನರ್ ಎತ್ತಿಕೊಡುವ ಹುಡುಗನಾಗಿ ಸೇರಿದವನು ಈ ಒಂದೇ ಎಂಜಿನ್ನನ್ನು ಬಿಚ್ಚುತ್ತ, ಕೂಡಿಸುತ್ತ ಮೇಸ್ತ್ರಿಯಾದ. ಶಾಲೆ ಮುಗಿಸದವನೂ ಎಂಜಿನ್ನಿನ ಸದ್ದು ಕೇಳಿ ಯಾವ ನಾಜಲ್ ಕಟ್ಟಿದೆ ಎಂದು ಹೇಳಬಲ್ಲವನಾದ. ಪ್ರತಿಸ್ಪರ್ಧಿ ಇರಲಿಲ್ಲವೆಂದಲ್ಲ. ಮದರಾಸಿನಲ್ಲಿ ತಯಾರಾಗುತ್ತಿದ್ದ ಲೇಲ್ಯಾಂಡ್ ಕೂಡ ಗಟ್ಟಿಮುಟ್ಟಾದ ಗಾಡಿಯೇ. ‘ಟಾಟಾನೋ, ಲೇಲ್ಯಾಂಡೋ’ ಎಂಬ ಚರ್ಚೆ ಲಾರಿ ನಿಲ್ದಾಣದ ಚಹಾದಂಗಡಿಗಳಲ್ಲಿ ಮುಗಿದದ್ದೇ ಇಲ್ಲ. ಆದರೆ ಎಲ್ಲ ಊರಿನಲ್ಲೂ ಬಲ್ಲ ಮೇಸ್ತ್ರಿಗಳಿರುವುದು ಲಾರಿಗೆ ದೊಡ್ಡ ಆಸ್ತಿ. ಜರ್ಮನಿಯ ಹೆಸರನ್ನು ನಮ್ಮಲ್ಲಿ ಉಳಿಸಿದ ಅರ್ಧ ಶ್ರೇಯಸ್ಸು ಕೈಗೆ ಗ್ರೀಸ್ ಮೆತ್ತಿಕೊಂಡ ಈ ಜನರಿಗೆ ಸಲ್ಲಬೇಕು.

ಆಡುಗೋಡಿಯ ನಂಟು

ಇನ್ನರ್ಧದಲ್ಲಿ ಬೆಂಗಳೂರಿಗೂ ಪಾಲಿದೆ. ಬಾಷ್ ಕಂಪನಿಯ ಸಹಯೋಗದಲ್ಲಿ 1951ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ನಮ್ಮೆಲ್ಲರ ‘ಮೈಕೋ’, ಆಡುಗೋಡಿಯಲ್ಲಿ ಬೇರೂರಿತು. ಸ್ಪಾರ್ಕ್ ಪ್ಲಗ್ ಮತ್ತು ಡೀಸೆಲ್ ಪಂಪು ಅದರ ಮುಖ್ಯ ತಯಾರಿಕೆಗಳಾದವು. ಕೂದಲೆಳೆಗಿಂತ ಸಣ್ಣ ಅಂತರದಲ್ಲಿ ಒಂದರೊಳಗೊಂದು ಜಾರಬೇಕಾದ ಉಕ್ಕಿನ ಭಾಗಗಳನ್ನು ಕನ್ನಡದ ಕಾರ್ಮಿಕರು ಇಲ್ಲಿ ಅರೆದು ಹದಗೊಳಿಸಿದರು. ಜರ್ಮನಿಯಿಂದ ತರಿಸಬೇಕಾಗಿದ್ದ ಪಂಪು ಬೆಂಗಳೂರಿನಲ್ಲೇ ತಯಾರಾದದ್ದರಿಂದ ಡೀಸೆಲ್ ಲಾರಿ ಹೊನ್ನಾಳಿಯಂಥ ಊರಿನವರ ಕೈಗೂ ನಿಲುಕಿತು. 2008ರಲ್ಲಿ ಕಂಪನಿ ‘ಬಾಷ್’ ಎಂದು ಹೆಸರು ಬದಲಿಸಿಕೊಂಡರೂ ಬೆಂಗಳೂರಿನ ಬಡಾವಣೆಯೊಂದರ ಹೆಸರಿನಲ್ಲಿ ಮೈಕೋ ಉಳಿದಿದೆ.

ಒಂದು ಸ್ವಾರಸ್ಯ. ಡೈಮ್ಲರ್ ಹುಟ್ಟಿದ ಶೋರ್ನ್‌ಡಾರ್ಫ್, ಬಾಷ್ ಹುಟ್ಟಿದ ಆಲ್ಬೆಕ್ ಎರಡೂ ಆಗಿನ ವ್ಯುರ್ಟೆಂಬರ್ಗ್ ರಾಜ್ಯದ ಊರುಗಳು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ವನ್ನು ಹೊರತಂದ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಹುಟ್ಟಿದ ಬ್ರಾಕನ್‌ಹೈಮ್ ಕೂಡ ಅದೇ ರಾಜ್ಯದ್ದು. ಅಲ್ಲಿನ ಒಬ್ಬನಿಂದ ನಮಗೆ ಪತ್ರಿಕೆ ಬಂತು, ಇನ್ನಿಬ್ಬರ ಕಂಪನಿಗಳಿಂದ ಆ ಪತ್ರಿಕೆಯ ಸಂತತಿಯನ್ನು ಹೊತ್ತು ಹಳ್ಳಿಗೆ ಮುಟ್ಟಿಸುವ ಗಾಡಿ ಬಂತು!

ಹೆಸರಿಗೆ ಹತ್ತಿದ ಮಸಿ

ಇಷ್ಟು ಹೇಳಿ ನಿಲ್ಲಿಸಿದರೆ ಅದು ಹೊಗಳಿಕೆಯಾದೀತು, ಇತಿಹಾಸವಾಗದು. ಹಿಟ್ಲರನ ಆಡಳಿತದಲ್ಲಿ ಡೈಮ್ಲರ್–ಬೆಂಜ್ ಯುದ್ಧ ಸಾಮಗ್ರಿಯ ದೊಡ್ಡ ಕಾರ್ಖಾನೆಯಾಯಿತು. ನಾಜಿ ಮುಖಂಡರು ಮೆರವಣಿಗೆ ಹೋದದ್ದು ಇದೇ ಕಂಪನಿಯ ಕಾರುಗಳಲ್ಲಿ. ಅದಕ್ಕಿಂತ ಘೋರವಾದದ್ದು ಕಾರ್ಖಾನೆಯ ಒಳಗೆ ನಡೆಯಿತು. 1944ರ ವೇಳೆಗೆ ಅಲ್ಲಿ ದುಡಿಯುತ್ತಿದ್ದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಬಲವಂತದ ಕೂಲಿಗಳು. ಗೆದ್ದ ದೇಶಗಳಿಂದ ಎಳೆತಂದವರು, ಯುದ್ಧ ಕೈದಿಗಳು, ಯಾತನಾ ಶಿಬಿರಗಳ ಬಂದಿಗಳು ಅವರಲ್ಲಿದ್ದರು.

ಯುದ್ಧ ಮುಗಿದ ಮೇಲೆ ಕಂಪನಿ ಮತ್ತೆ ಎದ್ದುನಿಂತಿತು, ನಕ್ಷತ್ರ ಮತ್ತೆ ಹೊಳೆಯಿತು. ಆ ಕೂಲಿಗಳ ಮಾತು ಮಾತ್ರ ದಶಕಗಳ ಕಾಲ ಯಾರೂ ಎತ್ತಲಿಲ್ಲ. ಎಂಬತ್ತರ ದಶಕದಲ್ಲಿ ಇತಿಹಾಸಕಾರರಿಗೆ ಕಡತಗಳು ತೆರೆದುಕೊಂಡ ಮೇಲೆ, 1988ರಲ್ಲಿ ಕಂಪನಿ ಎರಡು ಕೋಟಿ ಜರ್ಮನ್ ಮಾರ್ಕುಗಳನ್ನು ಪರಿಹಾರ ಕಾರ್ಯಕ್ಕೆ ಕೊಟ್ಟಿತು. 2000ದಲ್ಲಿ ಜರ್ಮನ್ ಸರ್ಕಾರ ಮತ್ತು ಉದ್ಯಮಗಳು ಸೇರಿ ಸ್ಥಾಪಿಸಿದ ಪರಿಹಾರ ನಿಧಿಯಲ್ಲೂ ಅದು ಪಾಲುಗೊಂಡಿತು. ಅಷ್ಟು ಹೊತ್ತಿಗೆ ಸಂತ್ರಸ್ತರಲ್ಲಿ ಬಹಳ ಮಂದಿ ತೀರಿಕೊಂಡಿದ್ದರು. ತಡವಾಗಿ ತೀರಿಸಿದ ಸಾಲ ಪೂರ್ತಿ ತೀರಿದಂತಲ್ಲ.

ಇತ್ತೀಚಿನ ಕಾಲದಲ್ಲೂ ಹೆಸರು ಎಡವಿದೆ. 1997ರಲ್ಲಿ ಸ್ವೀಡನ್ನಿನ ವಾಹನ ಪತ್ರಿಕೆಯೊಂದು ಕಂಪನಿಯ ಹೊಸ ‘ಎ–ಕ್ಲಾಸ್’ ಚಿಕ್ಕ ಕಾರನ್ನು ಪರೀಕ್ಷಿಸಿತು. ರಸ್ತೆಗೆ ಅಡ್ಡ ಬಂದ ಪ್ರಾಣಿಯನ್ನು ತಪ್ಪಿಸುವಂತೆ ಚಕ್ರ ತಿರುಗಿಸಿದಾಗ ಕಾರು ಮಗುಚಿಬಿತ್ತು. ಜಗತ್ತೇ ನಕ್ಕಿತು. ಕಂಪನಿ ಕೊನೆಗೆ ಮಾರಾಟ ನಿಲ್ಲಿಸಿ, ಕಾರನ್ನು ತಿದ್ದಿ, ಜಾರುವಿಕೆಯನ್ನು ತಡೆಯುವ ಇಲೆಕ್ಟ್ರಾನಿಕ್ ವ್ಯವಸ್ಥೆಯನ್ನು ಎಲ್ಲ ಎ–ಕ್ಲಾಸ್ ಕಾರುಗಳಿಗೂ ಅಳವಡಿಸಿತು. ದುಬಾರಿ ಕಾರಿಗೆ ಮೀಸಲಾಗಿದ್ದ ಆ ರಕ್ಷಣೆ ಚಿಕ್ಕ ಕಾರಿಗೂ ಇಳಿದದ್ದು ಈ ಅವಮಾನದ ಫಲ. 1998ರಲ್ಲಿ ಅಮೆರಿಕದ ಕ್ರೈಸ್ಲರ್ ಜೊತೆ ಆದ ಮದುವೆ 2007ರಲ್ಲಿ ಮುರಿಯಿತು. ಡೀಸೆಲ್ ಹೊಗೆಯ ನಿಯಮಗಳ ಉಲ್ಲಂಘನೆಯ ಆರೋಪಗಳನ್ನು ಇತ್ಯರ್ಥಪಡಿಸಲು 2020ರಲ್ಲಿ ಅಮೆರಿಕದಲ್ಲಿ ನೂರು ಕೋಟಿ ಡಾಲರಿಗೂ ಹೆಚ್ಚು ತೆರಲು ಕಂಪನಿ ಒಪ್ಪಬೇಕಾಯಿತು. ಡೀಸೆಲಿನಿಂದ ಗಳಿಸಿದ ಹೆಸರಿಗೆ ಡೀಸೆಲಿನಿಂದಲೇ ಮಸಿ ಹತ್ತಿತು.

ಕಾರು ಬಂದ ಮೇಲೆ

ನಮ್ಮಲ್ಲಿ ಬೆಂಜ್ ಎಂದರೆ ಕಾರು ಎಂಬ ಅರ್ಥ ಊರೂರಿಗೆ ಹರಡಿದ್ದು ಈಚೆಗೆ. ಆರ್ಥಿಕ ಉದಾರೀಕರಣದ ನಂತರ, 1994ರಲ್ಲಿ ಟೆಲ್ಕೊ ಜೊತೆಗೂಡಿ ಕಂಪನಿ ಭಾರತಕ್ಕೆ ಮರಳಿತು. ಪುಣೆಯಲ್ಲಿ ತಯಾರಾದ ‘ಇ–ಕ್ಲಾಸ್’ ಕಾರುಗಳು 1995ರಲ್ಲಿ ರಸ್ತೆಗಿಳಿದವು. 1996ರಲ್ಲಿ ಬೆಂಗಳೂರಿನಲ್ಲಿ ಸಂಶೋಧನಾ ಕೇಂದ್ರ ಆರಂಭವಾಯಿತು. ಇಂದು ಅಲ್ಲಿ ಸಾವಿರಾರು ಎಂಜಿನಿಯರುಗಳು ಕಾರಿನ ವಿನ್ಯಾಸ, ಸಾಫ್ಟ್‌ವೇರ್ ಕೆಲಸಗಳಲ್ಲಿ ತೊಡಗಿದ್ದಾರೆ. ಟಾಟಾ ಮೋಟಾರ್ಸ್‌ನಲ್ಲಿ ಉಳಿದಿದ್ದ ತನ್ನ ಪಾಲನ್ನು ಜರ್ಮನ್ ಕಂಪನಿ 2010ರಲ್ಲಿ ಮಾರಿತು. 2012ರಲ್ಲಿ ಚೆನ್ನೈ ಬಳಿಯ ಒರಗಡಂನಿಂದ ‘ಭಾರತ್‌ಬೆಂಜ್’ ಲಾರಿಗಳು ಹೊರಬಂದವು. ನಲವತ್ತು ವರ್ಷಗಳ ಮೇಲೆ ಬೆಂಜ್ ಹೆಸರಿನ ಲಾರಿ ಮತ್ತೆ ನಮ್ಮ ರಸ್ತೆಗೆ ಬಂತು. ಅದರ ಮೂತಿಯ ಮೇಲೆ ಹಳೆಯ ನಕ್ಷತ್ರ ಮಾತ್ರ ಇಲ್ಲ. 2021ರ ಕೊನೆಯಲ್ಲಿ ಮೂಲ ಕಂಪನಿಯೇ ಒಡೆದು ಲಾರಿಯ ವ್ಯವಹಾರ ಒಂದು, ಕಾರಿನದು ಇನ್ನೊಂದು ಎಂದು ಬೇರೆಯಾದವು.

ಹೊಸ ಲಾರಿಗೂ ಹಳೆಯ ಲಾರಿಗೂ ಅಜಗಜಾಂತರ. 2020ರ ಏಪ್ರಿಲ್‌ನಿಂದ ದೇಶದಲ್ಲಿ ಜಾರಿಯಾದ ಬಿಎಸ್–6 ನಿಯಮದಿಂದ ಹೊಗೆ ಬಹಳಷ್ಟು ಕಡಿಮೆಯಾಗಿದೆ. ರಸ್ತೆ ಬದಿಯ ಮಕ್ಕಳ ಶ್ವಾಸಕೋಶಕ್ಕೆ ಅದು ಒಳ್ಳೆಯದೇ. ಆದರೆ ಇಂದಿನ ಎಂಜಿನ್ನನ್ನು ಆಳುವುದು ಕಂಪ್ಯೂಟರ್. ಎಲ್ಲೋ ಒಂದು ಸೆನ್ಸರ್ ಕೈಕೊಟ್ಟರೆ ಲಾರಿ ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಸದ್ದು ಕೇಳಿ ರೋಗ ಹೇಳುತ್ತಿದ್ದ ಮೇಸ್ತ್ರಿಯ ಕಿವಿಗೆ ಅಲ್ಲಿ ಕೆಲಸವಿಲ್ಲ. ಕಂಪನಿಯ ಸರ್ವಿಸ್ ಕೇಂದ್ರದವರು ಲ್ಯಾಪ್‌ಟಾಪ್ ಹಿಡಿದು ಬರಬೇಕು, ಇಲ್ಲವೆ ಲಾರಿಯನ್ನೇ ಎಳೆದೊಯ್ಯಬೇಕು. ತಾಲ್ಲೂಕು ಕೇಂದ್ರದ ಎಷ್ಟೋ ಗ್ಯಾರೇಜುಗಳಿಗೆ ಈ ವಿದ್ಯೆಯೂ ಉಪಕರಣವೂ ಇನ್ನೂ ಕೈಗೆಟುಕಿಲ್ಲ. ಯಂತ್ರ ಮೇಲಾದಷ್ಟೂ ಅದನ್ನು ಬಲ್ಲವರು ದೂರವಾಗುತ್ತಿದ್ದಾರೆ.

ವಿದ್ಯುತ್ ಲಾರಿಗಳ ಮಾತು ಈಗ ಕೇಳಿಬರುತ್ತಿದೆ. ಅವು ಬಂದಾಗ ಹೊಸ ಹೊಸ ಹೆಸರುಗಳೂ ಬರುತ್ತವೆ, ಹಳೆಯವು ಕೆಲವು ಮರೆಯಾಗುತ್ತವೆ. ನಾಲ್ಕು ಊರುಗಳಲ್ಲಿ ಅಡಿಕೆ, ಮೆಕ್ಕೆಜೋಳ ಮಾತ್ರ ಆಗಲೂ ರಸ್ತೆಯಲ್ಲೇ ಸಾಗಬೇಕು. ಲಾರಿಗಾಗಿ ಸಾಲ ಎತ್ತುವವನು ಯಾವ ದೇಶದ ಹೆಸರನ್ನೂ ಬರಿಗಣ್ಣಿನಿಂದ ನಂಬುವುದಿಲ್ಲ. ಅರವತ್ತು ವರ್ಷಗಳ ಹಿಂದೆ ಅವನ ತಾತ ಕೇಳಿದ ಪ್ರಶ್ನೆಯನ್ನೇ ಅವನೂ ಕೇಳುತ್ತಾನೆ: ‘ನಡುದಾರಿಯಲ್ಲಿ ನಿಂತರೆ ರಿಪೇರಿ ಮಾಡುವವರು ಯಾರು, ಎಷ್ಟು ಹೊತ್ತಿಗೆ ಬರುತ್ತಾರೆ?’ ಈ ಪ್ರಶ್ನೆಗೆ ಹೊನ್ನಾಳಿಯಲ್ಲಿ, ಜಗಳೂರಿನಲ್ಲಿ ಸಮಾಧಾನದ ಉತ್ತರ ಕೊಡಬಲ್ಲ ತಯಾರಕನ ಹೆಸರೇ ಮುಂದೆಯೂ ನಿಲ್ಲುತ್ತದೆ.